ಪುಟ್ಟ ಡಬ್ಬಿಯಲ್ಲಿ ಏನಿಡೋಣ?

(ಚಿಕ್ಕೇರೂರಿನಲ್ಲಿ ಪಾಲಕರು, ಶಿಕ್ಷಕಿಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ಸಾಮಾನ್ಯವಾಗಿ ನಾವು ಎಸ್.ಎಸ್.ಎಲ್.ಸಿ. ಫಲಿತಾಂಶ, ವಿದ್ಯಾರ್ಥಿವೇತನ, ಕಾಲೇಜು ಸೀಟುಗಳ ಬಗ್ಗೆ ಮಾತನಾಡುತ್ತೇವೆ. ಅವು ಬೇಕಾದ ಮಾತುಗಳೇ. ಆದರೆ ಇಂದು ನಾನು ಮೂರರಿಂದ ಆರು ವರ್ಷದ ಮಗುವಿನ ತಿಂಡಿಯ ಬಗ್ಗೆ ಮಾತನಾಡಲು ಬಂದಿದ್ದೇನೆ. ಅಂಗನವಾಡಿಗೆ, ನರ್ಸರಿಗೆ, ಎಲ್.ಕೆ.ಜಿ.ಗೆ ಹೋಗುವ ಮಗು ಡಬ್ಬಿಯಲ್ಲಿ ಏನನ್ನು ಒಯ್ಯುತ್ತದೆ, ಬಾಟಲಿಯಲ್ಲಿ ಏನನ್ನು ಕುಡಿಯುತ್ತದೆ ಎಂಬುದೇ ನನ್ನ ವಿಷಯ. ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಷಣವೇ ಎಂದು ನಿಮಗೆ ಅನ್ನಿಸಬಹುದು. ಹತ್ತು ವರ್ಷಗಳ ನಂತರ ಬರುವ ಫಲಿತಾಂಶದ ಒಂದು ಪಾಲು ಈ ಪುಟ್ಟ ಡಬ್ಬಿಯಲ್ಲಿಯೇ ತೀರ್ಮಾನವಾಗುತ್ತದೆ ಎಂಬುದನ್ನು ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ಮೊದಲು ಕೆಲವು ಅಂಕಿಗಳನ್ನು ಹೇಳುತ್ತೇನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಾಗಿ ನಮ್ಮ ರಾಜ್ಯದಲ್ಲಿ 2019ರಲ್ಲಿ ಮನೆ ಮನೆಗೆ ಹೋಗಿ ಮಾಹಿತಿ ಸಂಗ್ರಹಿಸಲಾಯಿತು. ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ ಎಂದು ಅದರಲ್ಲಿ ಕಂಡುಬಂತು. ಅದಕ್ಕೆ ಹಿಂದಿನ 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡಾ 60.9 ಇತ್ತು. ಅಂದರೆ ಇಳಿಯಬೇಕಾದದ್ದು ಏರಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಈ ಲೆಕ್ಕದಲ್ಲಿ ಜಾತಿ ಧರ್ಮದ ಮಾತಿಲ್ಲ. ಎಲ್ಲ ಓಣಿಗಳ ಮಕ್ಕಳೂ ಇದರಲ್ಲಿದ್ದಾರೆ.

ರಕ್ತಹೀನತೆ ಇರುವ ಮಗು ಹಾಸಿಗೆ ಹಿಡಿದು ಮಲಗುವುದಿಲ್ಲ. ಅದು ಆಡುತ್ತದೆ, ನಗುತ್ತದೆ. ಆದರೆ ಬೇಗ ದಣಿಯುತ್ತದೆ, ಪಾಠದ ಕಡೆಗೆ ಗಮನ ನಿಲ್ಲುವುದಿಲ್ಲ, ಮೇಲಿಂದ ಮೇಲೆ ನೆಗಡಿ ಜ್ವರ ಬರುತ್ತದೆ. ನಾವು ಅದನ್ನು “ಸೋಮಾರಿ”, “ತಲೆ ಓಡುವುದಿಲ್ಲ” ಎಂದು ಬೈಯುತ್ತೇವೆ. ತಲೆ ಓಡಲು ಬೇಕಾದ ಕಬ್ಬಿಣಾಂಶವನ್ನು ನಾವೇ ಕೊಟ್ಟಿಲ್ಲ ಎಂಬುದು ನೆನಪಾಗುವುದಿಲ್ಲ.

ಮಗುವಿಗೆ ಎಷ್ಟು ಬೇಕು?

ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,350 ಕ್ಯಾಲೊರಿ ಶಕ್ತಿ, 16 ಗ್ರಾಂ ಪ್ರೋಟೀನ್, 11 ಮಿಲಿಗ್ರಾಂ ಕಬ್ಬಿಣ, 550 ಮಿಲಿಗ್ರಾಂ ಸುಣ್ಣದ ಅಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದೆ. ದೊಡ್ಡವರ ಊಟದ ಅರ್ಧಕ್ಕಿಂತ ಹೆಚ್ಚು ಶಕ್ತಿ ಆ ಪುಟ್ಟ ಜೀವಕ್ಕೆ ಬೇಕು. ಆದರೆ ಅದರ ಹೊಟ್ಟೆ ಚಿಕ್ಕದು. ಒಂದೇ ಸಲಕ್ಕೆ ತಟ್ಟೆ ತುಂಬ ಉಣ್ಣಿಸಿ ಮುಗಿಸಲು ಆಗುವುದಿಲ್ಲ. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಬೇಕು. ಆದ್ದರಿಂದ ಮಗುವಿನ ಮಟ್ಟಿಗೆ ತಿಂಡಿಯೆಂದರೆ ನಾಲಿಗೆಯ ಚಪಲಕ್ಕೆ ಕೊಡುವ ಪದಾರ್ಥವಲ್ಲ, ಅದೊಂದು ಸಣ್ಣ ಊಟ. ಈ ಒಂದು ಮಾತು ಮನಸ್ಸಿಗೆ ಬಂದರೆ ಉಳಿದದ್ದು ಸುಲಭ.

ಈಗ ನಮ್ಮ ಮನೆಗಳ ಬೆಳಗನ್ನು ನೋಡಿ. ಹಿರೇಕೆರೂರು, ಬ್ಯಾಡಗಿ, ರಾಣೇಬೆನ್ನೂರು ಭಾಗದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು, ಬೀಜೋತ್ಪಾದನೆಯ ಹೊಲಗಳಿಗೆ ಹೆಣ್ಣುಮಕ್ಕಳು ಬೇಗನೆ ಹೋಗಬೇಕಾಗುತ್ತದೆ. ಅಡುಗೆಗೆ ಸಮಯವಿಲ್ಲ. ಮಗುವಿಗೆ ಒಂದು ಲೋಟ ಚಹಾ, ಅದರಲ್ಲಿ ಅದ್ದಿದ ಖಾರಿ ಅಥವಾ ಬಿಸ್ಕತ್ತು, ಕೈಯಲ್ಲಿ ಐದು ರೂಪಾಯಿಯ ನಾಣ್ಯ. ಆ ನಾಣ್ಯ ಅಂಗನವಾಡಿ ಮುಟ್ಟುವುದರೊಳಗೆ ಬಣ್ಣದ ಪೊಟ್ಟಣವಾಗಿರುತ್ತದೆ. ನಾನು ತಾಯಂದಿರನ್ನು ದೂರುತ್ತಿಲ್ಲ. ಕೂಲಿಗೆ ಹೋಗುವ ತಾಯಿಯ ಕಷ್ಟ ದೊಡ್ಡದು. ಆ ಕಷ್ಟದ ನಡುವೆಯೇ ಏನು ಸಾಧ್ಯ ಎಂಬುದನ್ನಷ್ಟೇ ಯೋಚಿಸೋಣ.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ನಿಮ್ಮ ಪಾತ್ರವೂ ಇದೆ. ಅನೇಕ ಮನೆಗಳಲ್ಲಿ ತಮ್ಮನನ್ನೋ ತಂಗಿಯನ್ನೋ ಅಂಗನವಾಡಿಗೆ ಬಿಡುವವರು ನೀವೇ. ಐದು ರೂಪಾಯಿ ಇರುವುದೂ ನಿಮ್ಮ ಕೈಯಲ್ಲಿಯೇ. ಅಂಗಡಿಯ ಮುಂದೆ ಅತ್ತ ಮಗುವನ್ನು ಸುಮ್ಮನಾಗಿಸಲು ಪೊಟ್ಟಣ ಕೊಡಿಸುವವರೂ ನೀವೇ. ಆದ್ದರಿಂದ ಮುಂದಿನ ಲೆಕ್ಕವನ್ನು ನೀವು ಗಮನವಿಟ್ಟು ಕೇಳಬೇಕು.

ಐದು ರೂಪಾಯಿಯ ಲೆಕ್ಕ

ಐದು ರೂಪಾಯಿಯ ಚಿಪ್ಸ್ ಪೊಟ್ಟಣದಲ್ಲಿ ಗಾಳಿಯೇ ಹೆಚ್ಚು. ಒಳಗಿರುವ ಪದಾರ್ಥ ಹತ್ತು ಹನ್ನೆರಡು ಗ್ರಾಂ. ಅದರಲ್ಲಿ ಮೂರನೇ ಒಂದು ಭಾಗದಷ್ಟು ಎಣ್ಣೆ, ಸಾಕಷ್ಟು ಉಪ್ಪು. ಪ್ರೋಟೀನ್ ಒಂದು ಗ್ರಾಂ ಕೂಡ ಮುಟ್ಟುವುದಿಲ್ಲ. ಅದೇ ಐದು ರೂಪಾಯಿಗೆ ಈಚಿನ ದರದಲ್ಲಿ ಸುಮಾರು 30 ಗ್ರಾಂ ಶೇಂಗಾ ಕಾಳು ಬರುತ್ತದೆ. ಶೇಂಗಾದ ತೂಕದ ನಾಲ್ಕನೇ ಒಂದು ಭಾಗ ಪ್ರೋಟೀನ್. ಅಂದರೆ ಏಳು ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು ಆರು ಗ್ರಾಂ. ಮಗುವಿನ ದಿನದ ಅಗತ್ಯದ ಹತ್ತಿರ ಹತ್ತಿರ ಅರ್ಧದಷ್ಟು ಪ್ರೋಟೀನ್ ಒಂದು ಹಿಡಿ ಶೇಂಗಾದಲ್ಲಿದೆ! ಪುಟಾಣಿಯೂ ಹಾಗೆಯೇ. ಅದರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಇದೆ.

ಇನ್ನು ಬಿಸ್ಕತ್ತು. ಸಾಮಾನ್ಯ ಸಿಹಿ ಬಿಸ್ಕತ್ತಿನ ತೂಕದಲ್ಲಿ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೆ ಸಕ್ಕರೆಯೇ ಇರುತ್ತದೆ. ಕ್ರೀಮ್ ಬಿಸ್ಕತ್ತಿನಲ್ಲಿ ಇನ್ನೂ ಹೆಚ್ಚು. ಉಳಿದದ್ದು ಬಹುಪಾಲು ಮೈದಾ ಮತ್ತು ಎಣ್ಣೆ. ಪೊಟ್ಟಣದ ಮೇಲೆ ಹಾಲಿನ ಲೋಟದ ಚಿತ್ರ, ಗೋಧಿ ತೆನೆಯ ಚಿತ್ರ ಇರಬಹುದು. ಚಿತ್ರವನ್ನು ನೋಡಬೇಡಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆದಿರುತ್ತಾರೆ. ಇದು ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ತಾಯಂದಿರಿಗೆ ಮಾಡಬಹುದಾದ ಸುಲಭ ಸಹಾಯ.

ಡಬ್ಬಿಗೆ ಏನು?

ಒಳ್ಳೆಯ ತಿಂಡಿಗೆ ಒಂದು ಸರಳ ಸೂತ್ರ ಹೇಳುತ್ತೇನೆ. ಒಂದು ಧಾನ್ಯ, ಒಂದು ಬೇಳೆ ಅಥವಾ ಕಾಳು ಅಥವಾ ಮೊಟ್ಟೆ, ಒಂದು ಹಣ್ಣು ಅಥವಾ ತರಕಾರಿ. ಈ ಮೂರು ಸೇರಿದರೆ ಡಬ್ಬಿ ತುಂಬಿತು. ಅದಕ್ಕಾಗಿ ಹುಬ್ಬಳ್ಳಿಯ ಬಜಾರಿಗೆ ಹೋಗಬೇಕಾಗಿಲ್ಲ. ಎಲ್ಲವೂ ನಮ್ಮ ಸಂತೆಯಲ್ಲಿಯೇ ಇದೆ.

ಸೋಮವಾರ ಮೊಳಕೆ ಬಂದ ಹೆಸರು ಕಾಳಿನ ಉಸುಳಿ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿರಿ. ಇದು ರುಚಿಗಷ್ಟೇ ಅಲ್ಲ. ಕಾಳಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನಿಂಬೆಯ ಸಿ ಜೀವಸತ್ವ ಸಹಾಯ ಮಾಡುತ್ತದೆ. ಮಂಗಳವಾರ ಅವಲಕ್ಕಿ ಒಗ್ಗರಣೆ, ಅದಕ್ಕೆ ಪುಡಿ ಮಾಡಿದ ಶೇಂಗಾ ಮತ್ತು ತುರಿದ ಗಜ್ಜರಿ. ಬುಧವಾರ ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು. ಗುರುವಾರ ಗುಂಡಪಂಗಳ. ಅದರ ಹಿಟ್ಟಿಗೆ ಉದ್ದಿನ ಬೇಳೆ ಇದ್ದೇ ಇರುತ್ತದೆ, ಸಣ್ಣಗೆ ಹೆಚ್ಚಿದ ಸೊಪ್ಪು ಸೇರಿಸಿ. ಶುಕ್ರವಾರ ಮೆತ್ತನೆಯ ಜೋಳದ ರೊಟ್ಟಿ ಅಥವಾ ಚಪಾತಿಗೆ ಶೇಂಗಾ ಚಟ್ನಿ ಮೊಸರು ಸವರಿ ಸುರುಳಿ ಸುತ್ತಿಕೊಡಿ. ಶನಿವಾರ ಬೇಯಿಸಿದ ಗೆಣಸು, ಅಥವಾ ಮಂಡಕ್ಕಿಗೆ ಪುಟಾಣಿ ಹಿಟ್ಟು, ಟೊಮೆಟೊ ಕಲಸಿದ ಸುಸಲಾ. ಬೆಳಿಗ್ಗೆ ಏನೂ ಆಗದ ದಿನಕ್ಕೆ ಪುಟಾಣಿ ತಂಬಿಟ್ಟಿನ ಉಂಡೆ ಡಬ್ಬಿಯಲ್ಲಿರಲಿ. ವಾರಕ್ಕೊಮ್ಮೆ ಮಾಡಿಟ್ಟರೆ ಆಯಿತು.

ನಮ್ಮ ಮನೆಗಳ ಖಿಚಡಿಯನ್ನೂ ಮರೆಯಬೇಡಿ. ಅಕ್ಕಿ ಬೇಳೆ ಕೂಡಿದ ಆ ತಟ್ಟೆ ಮಗುವಿಗೆ ಹೇಳಿ ಮಾಡಿಸಿದಂತಿದೆ. ರಮಜಾನಿನಲ್ಲಿ ಇಫ್ತಾರಿಗೆ ಹೆಚ್ಚಿಡುವ ಹಣ್ಣಿನ ತಟ್ಟೆ ಉಳಿದ ಹನ್ನೊಂದು ತಿಂಗಳು ಏಕೆ ಕಾಣೆಯಾಗಬೇಕು? ಹಣ್ಣೆಂದರೆ ಸೇಬು ದ್ರಾಕ್ಷಿ ಎಂಬ ಭಾವನೆ ಬೇಡ. ಹಿತ್ತಲಿನ ಪೇರಲ ಹಣ್ಣಿನಲ್ಲಿ ಸೇಬಿಗಿಂತ ಎಷ್ಟೋ ಪಟ್ಟು ಹೆಚ್ಚು ಸಿ ಜೀವಸತ್ವ ಇದೆ. ಪಪ್ಪಾಯಿ, ಬಾಳೆ, ಚಿಕ್ಕು, ಕಾಲಕ್ಕೆ ಸರಿಯಾಗಿ ಬರುವ ಹಾನಗಲ್ಲಿನ ಮಾವು, ಇವೆಲ್ಲ ನಮ್ಮವೇ. ಖಜೂರ ಒಳ್ಳೆಯದು, ಆದರೆ ಹಲ್ಲಿಗೆ ಅಂಟುತ್ತದೆ. ಬೀಜ ತೆಗೆದು ಒಂದೋ ಎರಡೋ ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ. ಬೆಲ್ಲದ ಬಗ್ಗೆಯೂ ಒಂದು ಮಾತು. ಬೆಲ್ಲ ಸಕ್ಕರೆಗಿಂತ ಸ್ವಲ್ಪ ಮೇಲು ನಿಜ, ಆದರೆ ಅದೂ ಸಿಹಿಯೇ. ಉಂಡೆ ಕಟ್ಟಲು ಬೇಕಾಗುವಷ್ಟು ಸಾಕು.

ಒಂದು ಎಚ್ಚರಿಕೆ. ಐದು ವರ್ಷದೊಳಗಿನ ಮಗುವಿಗೆ ಇಡೀ ಶೇಂಗಾ, ಇಡೀ ಪುಟಾಣಿ, ಇಡೀ ದ್ರಾಕ್ಷಿ, ಗಟ್ಟಿ ಪೆಪ್ಪರಮಿಂಟು ಕೊಡಬೇಡಿ. ಓಡುತ್ತ ನಗುತ್ತ ತಿಂದರೆ ಶ್ವಾಸನಾಳಕ್ಕೆ ಸಿಕ್ಕಿ ಜೀವಕ್ಕೇ ಅಪಾಯವಾಗುತ್ತದೆ. ಕಾಳನ್ನು ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ, ಮಗುವನ್ನು ಕೂರಿಸಿ ತಿನ್ನಿಸಿ. ಶೇಂಗಾ ಅಥವಾ ಮೊಟ್ಟೆ ತಿಂದಾಗ ಮೈಮೇಲೆ ದದ್ದು ಏಳುವ ಮಕ್ಕಳು ಕೆಲವರಿರುತ್ತಾರೆ. ಅಂಥವರ ವಿಷಯವನ್ನು ಶಿಕ್ಷಕಿಗೆ ಮೊದಲೇ ತಿಳಿಸಿ. ಸವಣೂರಿನ ಖಾರಕ್ಕೆ ಎಷ್ಟೇ ಹೆಸರಿರಲಿ, ಅದು ದೊಡ್ಡವರ ಪಾಲಿಗಿರಲಿ.

ಕುಡಿಯಲು ಏನು?

ಮೊದಲನೆಯದು ನೀರು, ಎರಡನೆಯದೂ ನೀರು. ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ಊರು ನಮ್ಮದು. ಆದರೆ ಮಗುವಿನ ಬಾಟಲಿಯ ನೀರು ಕುದಿಸಿ ಆರಿಸಿದ್ದೋ ಶುದ್ಧೀಕರಿಸಿದ್ದೋ ಆಗಿರಬೇಕು, ಬಾಟಲಿಯನ್ನು ದಿನವೂ ತೊಳೆಯಬೇಕು. ನೀರಿನ ನಂತರ ಹಾಲು, ಮಜ್ಜಿಗೆ, ರಾಗಿ ಅಂಬಲಿ, ಎಳನೀರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಎರಡು ದೊಡ್ಡ ಚಮಚ ರಾಗಿ ಹಿಟ್ಟು ಹಾಲಿನಲ್ಲಿ ಬೆಂದರೆ ಎಲುಬಿಗೂ ಹಲ್ಲಿಗೂ ಆಸರೆ. ರಾಜ್ಯ ಸರ್ಕಾರವು 2024ರ ಫೆಬ್ರವರಿಯಲ್ಲಿ ಶಾಲಾ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡಲು ಆರಂಭಿಸಿದ್ದು ಇದೇ ಕಾರಣಕ್ಕೆ. ಆದರೆ ಹಾಲೂ ಅತಿಯಾಗಬಾರದು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿದ ಮಗು ಊಟ ಬಿಡುತ್ತದೆ, ರಕ್ತಹೀನತೆ ಹೆಚ್ಚುತ್ತದೆ.

ಸವಣೂರಿನಲ್ಲಿ ಹೆಸರಾದ ದೊಡ್ಡ ಹುಣಸೆ ಮರಗಳಿವೆ, ನೀವು ನೋಡಿರುತ್ತೀರಿ. ಅವು ಆಫ್ರಿಕಾ ಮೂಲದವು. ಆ ಖಂಡದ ಸೆನೆಗಲ್, ಸುಡಾನ್ ದೇಶಗಳಲ್ಲಿ ಇದೇ ಜಾತಿಯ ಮರದ ಹುಳಿ ತಿರುಳನ್ನು ನೀರಿನಲ್ಲಿ ಕದಡಿ ಪಾನಕ ಮಾಡಿ ಕುಡಿಯುತ್ತಾರೆ. ಅಲ್ಲಿನವರಿಗೆ ಅದು, ನಮಗೆ ನಿಂಬೆಯ ಪಾನಕ. ಪ್ರತಿ ನೆಲವೂ ತನ್ನ ಮಕ್ಕಳಿಗೆ ಬೇಕಾದ ಪಾನೀಯವನ್ನು ಕೊಟ್ಟೇ ಇದೆ.

ಬಿಡಬೇಕಾದದ್ದರಲ್ಲಿ ಮೊದಲನೆಯದು ಚಹಾ. ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಊಟದ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ದೊಡ್ಡವರೂ ಊಟದ ಹಿಂದೆ ಮುಂದೆ ಒಂದು ಗಂಟೆ ಚಹಾ ಕುಡಿಯಬಾರದೆಂದು ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಾಗಿದ್ದ ಮೇಲೆ ನಾಲ್ಕು ವರ್ಷದ ಮಗುವಿಗೆ ಚಹಾ ಏಕೆ? ಒಂದೇ ದಿನದಲ್ಲಿ ಬಿಡಿಸಲು ಆಗದಿದ್ದರೆ ಹಾಲು ಹೆಚ್ಚಿಸುತ್ತ ಚಹಾಪುಡಿ ಕಡಿಮೆ ಮಾಡುತ್ತ ಬನ್ನಿ. ಹದಿನೈದು ದಿನಗಳಲ್ಲಿ ಲೋಟದಲ್ಲಿ ಹಾಲಷ್ಟೇ ಉಳಿಯುತ್ತದೆ.

ಎರಡನೆಯದು ತಂಪು ಪಾನೀಯ. 250 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ ಸುಮಾರು 26 ಗ್ರಾಂ, ಅಂದರೆ ಐದಾರು ಚಮಚ ಸಕ್ಕರೆ ಇರುತ್ತದೆ. ಮಗುವಿಗೆ ಇಡೀ ದಿನಕ್ಕೂ ಅಷ್ಟು ಸಕ್ಕರೆ ಬೇಡ. ಹಣ್ಣಿನ ಚಿತ್ರವಿರುವ ಪೊಟ್ಟಣದ ಪಾನೀಯಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ. ಮೂರನೆಯದು ಹಾಲಿಗೆ ಹಾಕುವ ಡಬ್ಬಿಯ ಪುಡಿಗಳು. ನಮ್ಮ ಆಹಾರ ಸುರಕ್ಷತಾ ಕಾಯಿದೆಯಲ್ಲಿ “ಹೆಲ್ತ್ ಡ್ರಿಂಕ್” ಎಂಬ ವರ್ಗವೇ ಇಲ್ಲ. ಅಂಥ ಪಾನೀಯಗಳನ್ನು ಆ ಹೆಸರಿನಡಿ ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ತಿಳಿಸಿತು. ವಾಂತಿ ಭೇದಿಯಾದಾಗಲೂ ಎಚ್ಚರವಿರಲಿ. ಓ.ಆರ್.ಎಸ್. ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳು ಬಹಳ ಕಾಲ ಮಾರಾಟವಾದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಅವುಗಳ ಮೇಲೆ ಆ ಹೆಸರು ಹಾಕುವುದನ್ನು ತಡೆಯಿತು. ನಿಜವಾದ ಓ.ಆರ್.ಎಸ್. ಪುಡಿ ಆಶಾ ಕಾರ್ಯಕರ್ತೆಯ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ.

ಇನ್ನು ಬಣ್ಣಗಳು. 2024ರಲ್ಲಿ ನಮ್ಮ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107 ಅಸುರಕ್ಷಿತ ಎಂದು ಕಂಡುಬಂದವು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣವೂ ಅವುಗಳಲ್ಲಿ ಸಿಕ್ಕಿತು. ಮಾರ್ಚ್ ತಿಂಗಳಲ್ಲಿ ಸರ್ಕಾರ ಕೃತಕ ಬಣ್ಣಗಳನ್ನು ನಿಷೇಧಿಸಿತು. ಆದರೂ ಜಾತ್ರೆ ಉರುಸುಗಳಲ್ಲಿ ಕೆಂಪಗೆ ಹೊಳೆಯುವ ತಿಂಡಿ ಕಂಡರೆ ಮಗುವಿನ ಕೈ ಹಿಡಿದು ಮುಂದೆ ನಡೆಯಿರಿ.

ಅಂಗನವಾಡಿ ನಮ್ಮ ಹಕ್ಕು

ಈಗ ಸ್ವಲ್ಪ ಕಠಿಣವಾದ ಮಾತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಇಂದು ನಮ್ಮ ಓಣಿಗಳಲ್ಲಿಯೇ ಅಂಗನವಾಡಿಗಳಿವೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರ ಪಡೆಯುವುದು ಕಾನೂನಿನ ಹಕ್ಕು. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಕೊಡಬೇಕೆಂಬ ನಿಯಮ 2013ರ ಆ ಕಾಯಿದೆಯಲ್ಲಿ ಇತ್ತು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ 150 ಮಿಲಿಲೀಟರ್ ಹಾಲು ಸೇರಿತು. ಮೊಟ್ಟೆಯೂ ಇದೆ.

ಆದರೆ ನಾವೇನು ಮಾಡುತ್ತಿದ್ದೇವೆ? ಮೂರು ವರ್ಷ ತುಂಬುತ್ತಲೇ ಮಗುವನ್ನು ಆಂಗ್ಲ ಮಾಧ್ಯಮದ ಎಲ್.ಕೆ.ಜಿ.ಗೆ ಸೇರಿಸುತ್ತೇವೆ. ಸಾಲ ಮಾಡಿ ಫೀ ಕಟ್ಟುತ್ತೇವೆ, ಟೈ ಬೂಟು ಕೊಡಿಸುತ್ತೇವೆ. ಒಳ್ಳೆಯ ಶಿಕ್ಷಣದ ಆಸೆ ತಪ್ಪಲ್ಲ. ಆದರೆ ಆ ದಿನದಿಂದ ಮಗುವಿಗೆ ಸಿಗುತ್ತಿದ್ದ ಹಾಲು, ಮೊಟ್ಟೆ, ಬಿಸಿಯೂಟ ನಿಂತುಹೋಗುತ್ತದೆ. ಅದರ ಜಾಗಕ್ಕೆ ಬರುವುದು ಬಣ್ಣದ ಡಬ್ಬಿಯಲ್ಲಿ ಕ್ರೀಮ್ ಬಿಸ್ಕತ್ತು. ಮಗು ಎ, ಬಿ, ಸಿ, ಡಿ ಕಲಿಯಿತು, ಆದರೆ ತೂಕ ಕಳೆದುಕೊಂಡಿತು. ನರ್ಸರಿ ನಡೆಸುವ ಯಾವುದೇ ಸಂಸ್ಥೆಯೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಮಗುವನ್ನು ಅಂಗನವಾಡಿಯಿಂದ ನಮ್ಮ ಬಾಗಿಲಿಗೆ ಕರೆದುಕೊಂಡ ಮೇಲೆ ಅದು ಅಲ್ಲಿ ಬಿಟ್ಟುಬಂದ ಹಾಲಿನ ಲೋಟಕ್ಕೆ ನಾವು ಹೊಣೆಗಾರರು.

ಏನು ಮಾಡಬಹುದು?

ಕೆಲವು ಸಲಹೆಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ಪ್ರತಿ ನರ್ಸರಿಯಲ್ಲಿ ವಾರದ ತಿಂಡಿ ಪಟ್ಟಿಯೊಂದನ್ನು ತಾಯಂದಿರೇ ಕೂಡಿ ಮಾಡಲಿ. ಎಲ್ಲ ಮಕ್ಕಳೂ ಅದೇ ದಿನ ಅದೇ ತಿಂಡಿ ತಂದರೆ ಪೊಟ್ಟಣ ತಂದವನು ಶ್ರೀಮಂತ, ರೊಟ್ಟಿ ತಂದವನು ಬಡವ ಎಂಬ ಭೇದ ಉಳಿಯುವುದಿಲ್ಲ. ರೊಟ್ಟಿಯ ಡಬ್ಬಿಯನ್ನು ಮುಚ್ಚಿಕೊಂಡು ತಿನ್ನುವ ಮಗು ಯಾವ ಶಾಲೆಯಲ್ಲಿಯೂ ಇರಬಾರದು.

ಎರಡು, ಸದಸ್ಯರು ಹುಟ್ಟುಹಬ್ಬಕ್ಕೆ, ಅಕೀಖಾ ಸಂತೋಷಕ್ಕೆ ಚಾಕಲೇಟು ಹಂಚುವ ಬದಲು ಒಂದು ದಿನದ ಮೊಟ್ಟೆ ಮತ್ತು ಬಾಳೆಹಣ್ಣಿನ ಖರ್ಚನ್ನು ವಹಿಸಿಕೊಳ್ಳಲಿ.

ಮೂರು, ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸುಗಳನ್ನು ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಮೆಕ್ಸಿಕೋ ದೇಶ 2025ರ ಮಾರ್ಚ್‌ನಲ್ಲಿ ಇಂಥ ತಿನಿಸುಗಳನ್ನು ಶಾಲೆಗಳಿಂದ ಹೊರಹಾಕಿತು. ನಮ್ಮ ಅಂಗಡಿಯವರು ಪರಕೀಯರಲ್ಲ, ನಮ್ಮವರೇ. ಜಗಳ ಬೇಡ. ಶೇಂಗಾ ಚಿಕ್ಕಿ, ಪುಟಾಣಿ, ಬಾಳೆಹಣ್ಣು ಇಡುವಂತೆ ಕೇಳೋಣ. ಕೊಳ್ಳುವವರು ಬದಲಾದರೆ ಮಾರುವವರೂ ಬದಲಾಗುತ್ತಾರೆ.

ನಾಲ್ಕು, ಮೂರು ತಿಂಗಳಿಗೊಮ್ಮೆ ಮಕ್ಕಳ ತೂಕ, ಎತ್ತರ ಅಳೆದು ತಾಯಿಯ ಕೈಗೆ ಚೀಟಿ ಕೊಡಿ. ಅಂಗನವಾಡಿ ಕಾರ್ಯಕರ್ತೆಯ ನೆರವು ಪಡೆಯಿರಿ. ವರ್ಷಕ್ಕೆರಡು ಸಲ ಕೊಡುವ ಜಂತುಹುಳು ಮಾತ್ರೆಯನ್ನು ತಪ್ಪಿಸಬೇಡಿ. ಹೊಟ್ಟೆಯಲ್ಲಿ ಹುಳು ಇದ್ದರೆ ತಿಂದ ಅನ್ನದ ಸಾರ ಮೈಗೆ ಹತ್ತುವುದಿಲ್ಲ. ತಿನ್ನುವ ಮೊದಲು ಸಾಬೂನಿನಿಂದ ಕೈ ತೊಳೆಯುವುದನ್ನು ಅಕ್ಷರಕ್ಕಿಂತ ಮೊದಲ ಪಾಠವಾಗಿ ಕಲಿಸಿ.

ಕೊನೆಯದಾಗಿ ತಂದೆಯಂದಿರಿಗೆ ಒಂದು ಮಾತು. ಈ ಭಾಷಣವನ್ನು ತಾಯಂದಿರ ವಿಷಯವೆಂದು ತಿಳಿದು ನೀವು ಹಿಂದಿನ ಸಾಲಿನಲ್ಲಿ ಕುಳಿತಿರಬಹುದು. ಸಂತೆಗೆ ಹೋಗುವವರು ನೀವು. ಸಂಜೆ ಮನೆಗೆ ಬರುವಾಗ ಮಗುವಿಗೆಂದು ಜೇಬಿನಲ್ಲಿ ಪೊಟ್ಟಣ ತರುವವರೂ ನೀವು. ಆ ಪ್ರೀತಿ ಹಾಗೆಯೇ ಇರಲಿ. ಜೇಬಿನಲ್ಲಿ ಎರಡು ಪೇರಲ ಹಣ್ಣು ಬರಲಿ.

ಮುಂದಿನ ಸೋಮವಾರದಿಂದ ಒಂದು ತಿಂಗಳು ಈ ಡಬ್ಬಿಯ ಪಟ್ಟಿಯನ್ನು ನಡೆಸಿ ನೋಡಿ. ಮಗು ಮೊದಲ ವಾರ ಹಟ ಮಾಡುತ್ತದೆ, ಅರ್ಧ ಡಬ್ಬಿ ಮನೆಗೆ ತರುತ್ತದೆ. ಹೊಸ ರುಚಿಗೆ ನಾಲಿಗೆ ಒಗ್ಗಲು ಎಂಟು ಹತ್ತು ಸಲ ಬೇಕಾಗುತ್ತದೆ. ಬೈಯಬೇಡಿ, ಬಿಡಲೂಬೇಡಿ.